ಮೊದಲು ಬಿಸಿ, ಆಮೇಲೆ ಮದ್ದು

ಗಾಯಗೊಂಡ ಪ್ರಾಣಿಗಳನ್ನು ಸಲಹುವ ಒಂದು ಕೇಂದ್ರದವರು ಹೆಬ್ಬಾವೊಂದನ್ನು ಚೀಲದಲ್ಲಿ ತಂದಿದ್ದರು. ನುಂಗಿದ ಇಲಿಯನ್ನು ನಾಲ್ಕನೇ ದಿನ ಹೊರಗೆ ಹಾಕಿದೆ, ಹೀಗಾಗಿರುವುದು ಇದು ಎರಡನೇ ಸಲ, ಯಾವ ಇಂಜೆಕ್ಷನ್ ಕೊಡ್ತೀರಿ ಅಂತ ಕೇಳಿದರು. ನಾನು ಥರ್ಮಾಮೀಟರ್ ತೆಗೆದೆ. ಹಾವಿನ ಮೈ 22 ಡಿಗ್ರಿ ಇತ್ತು. ಅದನ್ನು ಇಟ್ಟಿದ್ದ ಕೋಣೆಯೂ ಹೆಚ್ಚುಕಡಿಮೆ ಅಷ್ಟೇ ಅಂತೆ. ಹೆಬ್ಬಾವಿಗೆ ಊಟ ಅರಗಬೇಕಾದರೆ 30ರ ಆಸುಪಾಸು ಬೇಕು. ಅಷ್ಟು ಬಿಸಿ ಇಲ್ಲದೆ ಇಲಿ ಅರಗುವ ಮೊದಲೇ ಕೊಳೆಯಲು ಶುರುವಾಗಿತ್ತು. ಹೊಟ್ಟೆಯೊಳಗೆ ಕೊಳೆಯುವ ಹೆಣ ಇಟ್ಟುಕೊಂಡು ಬದುಕುವುದು ಹೇಗೆ? ಹಾವು ಬುದ್ಧಿವಂತಿಕೆಯ ಕೆಲಸವನ್ನೇ ಮಾಡಿತ್ತು.

ಔಷಧ ಬರೆಯಲಿಲ್ಲ. ಗೂಡಿನ ಒಂದು ತುದಿಗೆ ದೀಪ ಹಾಕಿ, ಇನ್ನೊಂದು ತುದಿ ತಣ್ಣಗೇ ಇರಲಿ, ಎರಡು ವಾರ ಊಟ ಕೊಡಬೇಡಿ ಅಂದೆ. ಇಷ್ಟಕ್ಕೇನಾ ಅಷ್ಟು ದೂರದಿಂದ ಬಂದದ್ದು ಅನ್ನುವ ಹಾಗಿತ್ತು ಅವರ ಮುಖ. ಹಾವು, ಹಲ್ಲಿ, ಆಮೆಗಳ ವೈದ್ಯರಿಗೆ ಈ ಮುಖ ಹೊಸದಲ್ಲ.

ಶಾಲೆಯಲ್ಲಿ ಕಲಿತ ‘ಶೀತರಕ್ತ ಪ್ರಾಣಿ’ ಅನ್ನುವ ಮಾತು ನಮ್ಮ ತಲೆ ಕೆಡಿಸಿದೆ ಅನ್ನಿಸುತ್ತದೆ. ರಕ್ತವೇ ತಣ್ಣಗಿರುವ ಪ್ರಾಣಿಗೆ ಬಿಸಿ ಯಾಕೆ ಬೇಕು, ಅಲ್ವಾ? ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ ಅನ್ನುವ ಇಬ್ಬರು ಪ್ರಾಣಿವಿಜ್ಞಾನಿಗಳು ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಹಲ್ಲಿ, ಹಾವುಗಳ ಮೈಬಿಸಿ ಅಳೆದು 1944ರಲ್ಲಿ ಬರೆದರು. ಅಲ್ಲಿನ ಮರುಭೂಮಿ ಇಗ್ವಾನಾ ಅನ್ನುವ ಹಲ್ಲಿ ಹಗಲಿಡೀ ತನ್ನ ಮೈಯನ್ನು 38, 39 ಡಿಗ್ರಿಯ ಹತ್ತಿರ ಇಟ್ಟುಕೊಳ್ಳುತ್ತದೆ. ನಮ್ಮ ಮೈಬಿಸಿ 37. ಯಾರ ರಕ್ತ ತಣ್ಣಗಿರುವುದು ಈಗ?

ವ್ಯತ್ಯಾಸ ಇರುವುದು ಒಲೆ ಎಲ್ಲಿದೆ ಅನ್ನುವುದರಲ್ಲಿ. ನಮ್ಮ ಒಲೆ ಮೈಯೊಳಗೇ ಉರಿಯುತ್ತದೆ, ಅದಕ್ಕೆ ದಿನಾ ಸೌದೆ ಹಾಕಬೇಕು. ಅವುಗಳ ಒಲೆ ಹೊರಗಿದೆ: ಬಿಸಿಲು, ಕಾದ ಬಂಡೆ, ಬೆಚ್ಚಗಿನ ಮಣ್ಣು. ಹಾಗಾಗಿ ಅಷ್ಟೇ ತೂಕದ ಸಸ್ತನಿ ತಿನ್ನುವುದರ ಸುಮಾರು ಹತ್ತರಲ್ಲೊಂದು ಪಾಲು ಸಿಕ್ಕಿದರೂ ಹಲ್ಲಿಯ ಸಂಸಾರ ನಡೆಯುತ್ತದೆ. ದೊಡ್ಡ ಹಾವು ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಆದರೆ ಒಮ್ಮೆ ನುಂಗಿತು ಅಂದರೆ ಒಳಗೆ ಕಾರ್ಖಾನೆಯೇ ಶುರು. ಬರ್ಮಾ ಹೆಬ್ಬಾವಿನಲ್ಲಿ ದೊಡ್ಡ ಊಟದ ನಂತರ ಆಮ್ಲಜನಕದ ಬಳಕೆ 40 ಪಟ್ಟಿನವರೆಗೂ ಏರಬಹುದು. ಕರುಳಿನ ತೂಕ ಒಂದೆರಡು ದಿನದಲ್ಲೇ ಸುಮಾರು ಇಮ್ಮಡಿಯಾಗುತ್ತದೆ. ಈ ಕಾರ್ಖಾನೆ ತಣ್ಣಗಿನ ಮೈಯಲ್ಲಿ ನಡೆಯುವುದಿಲ್ಲ. ಕಾಡಿನಲ್ಲಿ ಉಂಡ ಹಾವು ತಾನೇ ಬೆಚ್ಚನೆಯ ಜಾಗ ಹುಡುಕಿಕೊಂಡು ಹೋಗುತ್ತದೆ. ಗೂಡಿನಲ್ಲಿ ಇದ್ದರೆ ಎಲ್ಲಿಗೆ ಹೋದೀತು?

ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ ಅಂತ ಗಾದೆ ಇದೆ. ಗೂಟದ ಮೇಲಿನ ಓತಿಯನ್ನು ಸೋಮಾರಿ ಅಂದುಕೊಳ್ಳುತ್ತೇವೆ. ಒಂದು ತಾಸು ಸುಮ್ನೆ ಕೂತು ನೋಡಿ. ಬೆಳಗಿನ ಹೊತ್ತು ಮೈಯನ್ನು ಚಪ್ಪಟೆ ಮಾಡಿ ಬಿಸಿಲಿಗೆ ಅಡ್ಡ ಹಿಡಿಯುತ್ತದೆ. ಕಾಯುತ್ತಾ ಬಂದ ಹಾಗೆ ಮುಖವನ್ನು ಸೂರ್ಯನ ಕಡೆ ತಿರುಗಿಸಿ, ಬಿಸಿಲು ಬೀಳುವ ಜಾಗ ಕಡಿಮೆ ಮಾಡುತ್ತದೆ. ಇನ್ನೂ ಜಾಸ್ತಿಯಾದರೆ ಗೂಟದ ನೆರಳಿನ ಮಗ್ಗುಲಿಗೆ ಜಾರುತ್ತದೆ. ಮೊಸಳೆ ದಡದಲ್ಲಿ ಬಾಯಿ ತೆರೆದು ಮಲಗುವುದಕ್ಕೂ ತಲೆಯ ಬಿಸಿ ಇಳಿಸಿಕೊಳ್ಳುವುದೇ ಒಂದು ಕಾರಣ ಅನ್ನುತ್ತಾರೆ. ಮೈ ತಣ್ಣಗಿದ್ದಾಗ ಸ್ವಭಾವವೂ ಬದಲಾಗುತ್ತದೆ. ಕೆಲವು ಓತಿಗಳು ಬೆಚ್ಚಗಿದ್ದರೆ ಓಡಿಹೋಗುತ್ತವೆ, ತಣ್ಣಗಿದ್ದರೆ ನಿಂತು ಬಾಯಿ ತೆರೆದು ಕಚ್ಚಲು ಬರುತ್ತವೆ. ಧೈರ್ಯ ಬಂದಿದೆ ಅಂತಲ್ಲ, ಕಾಲು ಓಡುವುದಿಲ್ಲ ಅಷ್ಟೇ. ಬೆಳಗಿನ ಜಾವ ಇಂಥವನ್ನು ಹಿಡಿಯಲು ಹೋದ ನನ್ನ ಸಹಾಯಕರ ಬೆರಳುಗಳೇ ಇದಕ್ಕೆ ಸಾಕ್ಷಿ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಜ್ವರದ ಕತೆ. 1970ರ ದಶಕದಲ್ಲಿ ವಿಜ್ಞಾನಿ ಮ್ಯಾಥ್ಯೂ ಕ್ಲೂಗರ್ ಮತ್ತು ಜೊತೆಗಾರರು ಅದೇ ಮರುಭೂಮಿ ಇಗ್ವಾನಾಗಳಿಗೆ ಬ್ಯಾಕ್ಟೀರಿಯಾ ಚುಚ್ಚಿದರು. ತನ್ನ ಮೈ ತಾನೇ ಬಿಸಿ ಮಾಡಿಕೊಳ್ಳಲಾಗದ ಪ್ರಾಣಿಗೆ ಜ್ವರ ಬರುವುದು ಹೇಗೆ? ಅವು ನಡೆದುಕೊಂಡು ಹೋಗಿ ಜ್ವರ ತಂದುಕೊಂಡವು! ಗೂಡಿನ ಹೆಚ್ಚು ಬಿಸಿಯ ಕಡೆ ಕೂತು, ಮೈಬಿಸಿಯನ್ನು ಸುಮಾರು ಎರಡು ಡಿಗ್ರಿ ಏರಿಸಿಕೊಂಡವು. ಆಮೇಲೆ ಸೋಂಕು ತಗಲಿದ ಇಗ್ವಾನಾಗಳನ್ನು ಬೇರೆ ಬೇರೆ ಬಿಸಿಯಲ್ಲಿ ಕೂಡಿಹಾಕಿ ನೋಡಿದರು. ತಣ್ಣಗಿನ ಗೂಡುಗಳಲ್ಲಿ ಸತ್ತವು ಜಾಸ್ತಿ, 40 ಮತ್ತು 42 ಡಿಗ್ರಿಯಲ್ಲಿ ಉಳಿದವು ಜಾಸ್ತಿ. ಇನ್ನೊಂದು ಪ್ರಯೋಗದಲ್ಲಿ ಜ್ವರ ಇಳಿಸುವ ಮದ್ದನ್ನೂ ಕೊಟ್ಟರು. ಮದ್ದು ತೆಗೆದುಕೊಂಡು ಬಿಸಿಯ ಕಡೆಗೆ ಹೋಗದೇ ಇದ್ದವು ಸತ್ತವು.

ಇದನ್ನು ಓದಿದ ಮೇಲೆ, ತಣ್ಣಗಿನ ಗೂಡಿನಲ್ಲಿರುವ ಆಮೆಗೆ ಆ್ಯಂಟಿಬಯಾಟಿಕ್ ಬರೆಯಲು ಕೈ ಬರುವುದಿಲ್ಲ. ಮೈ ತಣ್ಣಗಿದ್ದರೆ ರೋಗದ ಜೊತೆ ಹೋರಾಡುವ ಜೀವಕೋಶಗಳೂ ನಿಧಾನ. ಮದ್ದು ಕೂಡ ಮೈಯಿಂದ ಹೊರಹೋಗಲು ತಡವಾಗುತ್ತದೆ. ಕೆಲವು ಮದ್ದುಗಳು ಹಾಗೆ ಉಳಿದರೆ ಮೂತ್ರಪಿಂಡಕ್ಕೇ ಕುತ್ತು.

ಆದರೆ ಬಿಸಿ ಅಂದರೆ ಕಾದ ಕಲ್ಲಿನ ಮೇಲೆ ಕೂರಿಸುವುದಲ್ಲ. ಹೊಟ್ಟೆ ಸುಟ್ಟುಕೊಂಡ ಹಲ್ಲಿ, ಹಾವುಗಳನ್ನು ವರ್ಷಕ್ಕೆ ಹಲವು ಸಲ ನೋಡುತ್ತೇನೆ. ಕೋಣೆಯೆಲ್ಲ ತಣ್ಣಗಿದ್ದು ಒಂದೇ ಒಂದು ವಿದ್ಯುತ್ ಕಲ್ಲು ಬಿಸಿಯಾಗಿದ್ದರೆ, ಪ್ರಾಣಿ ಅದನ್ನು ಬಿಟ್ಟು ಏಳುವುದಿಲ್ಲ. ಬೆನ್ನು ಇನ್ನೂ ತಣ್ಣಗೇ ಇರುತ್ತದೆ, ಹೊಟ್ಟೆಯ ಚರ್ಮ ಬೆಂದಿರುತ್ತದೆ. ಬೇಕಾದದ್ದು ಆಯ್ಕೆ. ಒಂದು ಕಡೆ ಬಿಸಿ, ಒಂದು ಕಡೆ ತಂಪು, ನಡುವೆ ಅಡಗಲು ಜಾಗ. ಉಳಿದ ಲೆಕ್ಕ ಅದಕ್ಕೇ ಗೊತ್ತು.

ಕೆಲವು ಜಾತಿಗಳಲ್ಲಿ ಮೊಟ್ಟೆಯೊಳಗೂ ಬಿಸಿಯದ್ದೇ ಕಾರುಬಾರು. 1966ರಲ್ಲಿ ಮೆಡ್ಲೀನ್ ಶಾರ್ನಿಯೇ ಅನ್ನುವ ಸಂಶೋಧಕಿ ಆಫ್ರಿಕಾದ ಒಂದು ಓತಿಯ ಮೊಟ್ಟೆಗಳಲ್ಲಿ ಇದನ್ನು ಮೊದಲು ಗುರುತಿಸಿದರು: ಮರಿ ಗಂಡೋ ಹೆಣ್ಣೋ ಅನ್ನುವುದನ್ನು ಕಾವಿನ ಬಿಸಿ ತೀರ್ಮಾನಿಸುತ್ತದೆ. ಕಡಲಾಮೆಗಳಲ್ಲಿ ಮರಳು ಬೆಚ್ಚಗಿದ್ದರೆ ಹೆಣ್ಣು, ತಂಪಾಗಿದ್ದರೆ ಗಂಡು. ಹಲ್ಲಿಯ ಹಾಗೆ ಕಾಣುವ ನ್ಯೂಜಿಲೆಂಡಿನ ಟುವಾಟಾರದಲ್ಲಿ ಉಲ್ಟಾ. ಆಸ್ಟ್ರೇಲಿಯಾದ ಹವಳದ ದಿಬ್ಬ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ಭಾಗದಲ್ಲಿ ಹುಟ್ಟಿದ ಎಳೆಯ ಹಸಿರು ಕಡಲಾಮೆಗಳಲ್ಲಿ 99 ಪ್ರತಿಶತ ಹೆಣ್ಣು ಅಂತ 2018ರಲ್ಲಿ ಪ್ರಕಟವಾಯಿತು. ಮರಳು ಕಾಯುತ್ತಿದೆ, ಗಂಡು ಸಿಗುತ್ತಿಲ್ಲ.

ಕಪ್ಪೆಗೆ ಬಂದರೆ ಈ ಲೆಕ್ಕ ಕೆಡುತ್ತದೆ. ಅದರ ಚರ್ಮ ಬರೀ ಹೊದಿಕೆಯಲ್ಲ. ಅದರಲ್ಲೇ ಉಸಿರಾಡುತ್ತದೆ, ತೊಡೆಸಂದಿಯ ತೆಳು ಚರ್ಮದಿಂದ ನೀರು ಕುಡಿಯುತ್ತದೆ. ಬಿಸಿಲಿಗೆ ಕೂತರೆ ನೀರು ಆರಿಹೋಗುತ್ತದೆ. ಹಾಗಾಗಿ ಹಾವಿಗೆ ಹೇಳಿದ ಬುದ್ಧಿಯನ್ನು ಕಪ್ಪೆಗೆ ಹೇಳಬೇಡಿ. ದೀಪದ ಕೆಳಗೆ ಇಟ್ಟ ಕಪ್ಪೆ ಸಂಜೆಯೊಳಗೆ ಒಣಗಿ ಸತ್ತೀತು. ಆದರೆ ದಕ್ಷಿಣ ಅಮೆರಿಕದ ಒಂದು ಮರಗಪ್ಪೆ ಇದಕ್ಕೆ ಉಪಾಯ ಕಂಡುಕೊಂಡಿದೆ. ಚರ್ಮದ ಗ್ರಂಥಿಗಳಿಂದ ಒಸರುವ ಮೇಣವನ್ನು ನಾಲ್ಕೂ ಕಾಲುಗಳಿಂದ ಮೈಗೆಲ್ಲ ಸವರಿಕೊಳ್ಳುತ್ತದೆ, ಎಣ್ಣೆ ಹಚ್ಚಿಕೊಳ್ಳುವ ಮನುಷ್ಯರ ಹಾಗೆ. ಆಮೇಲೆ ಕೊಂಬೆಯ ಮೇಲೆ ಬಿಸಿಲಿಗೆ ಕೂರುತ್ತದೆ.

ಆದರೂ ಬಿಸಿ ಕಪ್ಪೆಯನ್ನೂ ಉಳಿಸಬಲ್ಲದು. ಜಗತ್ತಿನ ಎಷ್ಟೋ ಕಪ್ಪೆಗಳನ್ನು ಕೊಂದ ಕೈಟ್ರಿಡ್ ಶಿಲೀಂಧ್ರ ತಂಪನ್ನು ಇಷ್ಟಪಡುತ್ತದೆ. 28 ಡಿಗ್ರಿ ದಾಟಿದರೆ ಅದು ಬೆಳೆಯಲು ಒದ್ದಾಡುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು ತೂತುಗಳಿರುವ ಇಟ್ಟಿಗೆಗಳನ್ನು ಪೇರಿಸಿ, ಮೇಲೊಂದು ಪುಟ್ಟ ಹಸಿರುಮನೆ ಮುಚ್ಚಿದರು. ಕಪ್ಪೆಗಳು ತಾವಾಗಿಯೇ ಬಂದು ಆ ಬೆಚ್ಚಗಿನ ತೂತುಗಳಲ್ಲಿ ಕೂತವು, ಸೋಂಕು ಕಳೆದುಕೊಂಡವು. 2024ರಲ್ಲಿ ಪ್ರಕಟವಾದ ಕೆಲಸ ಇದು. ಇಷ್ಟು ಅಗ್ಗದ ಆಸ್ಪತ್ರೆ ನಾನು ಕಂಡಿಲ್ಲ.

ಚಳಿಯ ಕೊನೆಯ ಮಾತು ಉತ್ತರ ಅಮೆರಿಕದ ಕಾಡುಗಪ್ಪೆಯದ್ದು. ಚಳಿಗಾಲದಲ್ಲಿ ಅದರ ಮೈಯ ನೀರಿನ 65 ಪ್ರತಿಶತದವರೆಗೂ ಮಂಜುಗಡ್ಡೆಯಾಗುತ್ತದೆ. ಉಸಿರಿಲ್ಲ, ಹೃದಯದ ಬಡಿತವೂ ಇಲ್ಲ. ಯಕೃತ್ತು ಸುರಿಯುವ ಸಕ್ಕರೆ ಜೀವಕೋಶಗಳನ್ನು ಕಾಯುತ್ತದೆ. ಮಂಜು ಕರಗಿದಾಗ ಮೊದಲು ಹೃದಯ ಬಡಿಯುತ್ತದೆ, ಆಮೇಲೆ ಉಸಿರು, ಕೊನೆಗೆ ಕಾಲು.

ಹೆಚ್ಚಿನ ಆಮೆ, ಹಾವುಗಳು ಹೀಗೆ ಹೆಪ್ಪುಗಟ್ಟಿ ಎದ್ದು ಬರುವುದಿಲ್ಲ. ಆದರೆ ಚಳಿಯಲ್ಲಿ ಅವುಗಳ ಎದೆಬಡಿತ ಎಷ್ಟು ನಿಧಾನ ಆಗುತ್ತದೆ ಅಂದರೆ ಸ್ಟೆತಸ್ಕೋಪಿಗೂ ಸಿಗುವುದಿಲ್ಲ. ಸತ್ತಿದೆ ಅಂತ ರಟ್ಟಿನ ಪೆಟ್ಟಿಗೆಯಲ್ಲಿ ತಂದುಕೊಟ್ಟ ಆಮೆಯೊಂದು, ನಿಧಾನವಾಗಿ ಬೆಚ್ಚಗೆ ಮಾಡಿದ ಮೇಲೆ ರಾತ್ರಿ ಕುತ್ತಿಗೆ ಚಾಚಿದ್ದನ್ನು ನೋಡಿದ್ದೇನೆ. ಅಂಥದ್ದು ಅಪರೂಪ. ಹೆಚ್ಚಿನ ಸಲ ಅದು ನಿಜವಾಗಿಯೂ ಸತ್ತೇ ಇರುತ್ತದೆ. ಆದರೂ ಪೆಟ್ಟಿಗೆಯನ್ನು ಬೆಚ್ಚಗಿನ ಕೋಣೆಯಲ್ಲಿಟ್ಟು, ನಾಳೆ ಬೆಳಗ್ಗೆ ಫೋನ್ ಮಾಡಿ ಅಂತ ಹೇಳಿ ಕಳಿಸುತ್ತೇನೆ.