ಜಡ್ಡುಗಟ್ಟುವುದು: ತಾಲೀಮು ಬಿಟ್ಟ ಮೈಯ ಮಾತು

ಹೋದ ವರ್ಷ ಮುಧೋಳದ ಕಡೆಯ ನಮ್ಮ ಹಳ್ಳಿಗೆ ಜಾತ್ರೆಗೆಂದು ಹೋಗಿದ್ದೆ. ಗುಡಿಯ ಮುಂದೆ ಊಟಕ್ಕೆ ಪಂಕ್ತಿ ಕೂತಿತ್ತು. ನಾನೂ ಚಕ್ಕಳಮಕ್ಕಳ ಹಾಕಿದೆ. ಬಲ ಮೊಣಕಾಲು ನೆಲಕ್ಕೆ ಇಳಿಯಲೇ ಇಲ್ಲ. ಕೈಯಿಂದ ಒತ್ತಿದರೂ ನೆಲದಿಂದ ಗೇಣು ಮೇಲೆಯೇ ನಿಂತಿತು. ಹುಗ್ಗಿ ಬಡಿಸುತ್ತಾ ಬಂದ ಕಾಕಾ ಬಕೆಟ್ ಕೆಳಗಿಟ್ಟು ನನ್ನ ಕಾಲನ್ನೇ ನೋಡಿದರು.

"ಮೈ ಜಡ್ಡುಗಟ್ಟೈತಿ ನೋಡೋ ತಮ್ಮಾ. ತಾಲೀಮು ಬಿಟ್ಟು ಎಷ್ಟು ವರ್ಷ ಆತು?"

ಆರು ವರ್ಷ. ಅದಕ್ಕೂ ಮೊದಲು ಆರು ವರ್ಷ ದಿನಾ ನಸುಕಿನಲ್ಲಿ ಎದ್ದು ಕುಸ್ತಿಯ ಮಣ್ಣಿಗೆ ಇಳಿದವನು ನಾನು. ಮೊಣಕಾಲು ಮಡಿಸದೆ ಬಗ್ಗಿ ಎರಡೂ ಅಂಗೈ ನೆಲಕ್ಕೆ ಊರುತ್ತಿದ್ದೆ. ಈಗ ಬೆರಳು ಮೊಣಕಾಲಿನ ಕೆಳಗೆ ಬಂದು ನಿಂತುಬಿಡುತ್ತದೆ. ಕಾಕಾ ಆಡಿದ ಆ ಒಂದು ಪದ ಅವತ್ತಿನಿಂದ ನನ್ನ ತಲೆಯಲ್ಲಿ ಕೂತಿದೆ.

ತಾಲೀಮು ಎಂದರೆ ಬೇರೆ ಕಡೆ ಅಭ್ಯಾಸ, ನಾಟಕದ ತಾಲೀಮು ಎನ್ನುವ ಹಾಗೆ. ಬೆಳಗಾವಿ, ಬಾಗಲಕೋಟೆ ಸೀಮೆಯಲ್ಲಿ ಕುಸ್ತಿಯ ಗರಡಿಮನೆಗೇ ಆ ಹೆಸರಿದೆ. ಇನ್ನು ಜಡ್ಡು. ಇದು 'ಜಡ' ಎಂಬ ಮಾತಿನ ಬಳಗದ್ದು. ನಮ್ಮ ಕಡೆ ಇದಕ್ಕೆ ಎರಡು ಅರ್ಥ. ಒಂದು, ಕಾಯಿಲೆ: "ಅವಂಗ ಜಡ್ಡು ಆಗೈತಿ" ಎಂದರೆ ಮೈಗೆ ಹುಷಾರಿಲ್ಲ ಎಂದು. ಇನ್ನೊಂದು, ತಿಕ್ಕಿ ತಿಕ್ಕಿ ಗಟ್ಟಿಯಾದ ಚರ್ಮ. ಗುದ್ದಲಿ ಹಿಡಿಯುವವರ ಅಂಗೈಯಲ್ಲಿ ಬೆರಳುಗಳ ಬುಡದಲ್ಲಿ ಇರುತ್ತದಲ್ಲ, ಅದು. ಎಷ್ಟೋ ದಿನ ಅಲುಗಾಡದೆ ಬಿಗಿದುಕೊಂಡ ಮೈಗೂ, ಓಡದೆ ನಿಂತ ಬುದ್ಧಿಗೂ ಜಡ್ಡುಗಟ್ಟಿದೆ ಎನ್ನುತ್ತೇವೆ. ಜೋಮು ಬೇರೆ, ಅದು ಕಾಲು ಝಾಡಿಸಿದರೆ ಹೋಗುತ್ತದೆ. ಮರಗಟ್ಟುವುದೂ ಬೇರೆ, ಅದು ಚಳಿಗೆ ಬರುವಂಥದ್ದು. ಜಡ್ಡುಗಟ್ಟಲು ತಿಂಗಳು, ವರ್ಷ ಹಿಡಿಯುತ್ತದೆ.

ತಾಲೀಮಿನಲ್ಲಿ ನಮ್ಮ ಅಂಗೈ ತುಂಬಾ ಜಡ್ಡು ಇರುತ್ತಿತ್ತು. ಕಣದ ಕೆಂಪು ಮಣ್ಣನ್ನು ಅಗೆದು, ತಿರುವಿ, ಎಣ್ಣೆ ಅರಿಶಿನ ಬೆರೆಸಿ ಹದ ಮಾಡುವುದೂ ಪೈಲ್ವಾನರ ಕೆಲಸವೇ. ಬಿಟ್ಟ ಮೇಲೆ ಕೈಯ ಜಡ್ಡು ಕರಗಿತು, ಮೈ ಜಡ್ಡುಗಟ್ಟಿತು. ಎರಡರ ಹಿಂದೆಯೂ ಇರುವುದು ಒಂದೇ ಸಂಗತಿ: ದಿನಾ ಏನು ಕೇಳುತ್ತೇವೋ ಮೈ ಅದಕ್ಕೆ ತಕ್ಕ ಹಾಗೆ ಆಗುತ್ತದೆ. ಗುದ್ದಲಿ ಕೇಳಿದರೆ ಗಟ್ಟಿ ಚರ್ಮ ಕೊಡುತ್ತದೆ, ಕುರ್ಚಿ ಕೇಳಿದರೆ ಕುರ್ಚಿಯಷ್ಟೇ ಬಾಗುವ ಸೊಂಟ ಕೊಡುತ್ತದೆ.

ಒಳಗೆ ನಡೆಯುವುದನ್ನು ಸ್ವಲ್ಪ ನೋಡೋಣ. ಬಗ್ಗುವಾಗ ತೊಡೆಯ ಹಿಂದೆ ಎಳೆದು "ಸಾಕು" ಅನ್ನಿಸುತ್ತದಲ್ಲ, ಹಾಗೆ ಹೇಳುವುದು ಬಹಳ ಸಲ ನರಮಂಡಲ. ಸ್ನಾಯು ಇನ್ನೂ ಸ್ವಲ್ಪ ಉದ್ದವಾಗಬಲ್ಲದು, ಆದರೆ ನರಗಳು ಮೊದಲೇ ತಡೆಯುತ್ತವೆ. ಕೆಲವು ವಾರ ಸ್ಟ್ರೆಚಿಂಗ್ ಮಾಡಿದವರು ಹೆಚ್ಚು ಬಗ್ಗುವುದಕ್ಕೆ ಮುಖ್ಯ ಕಾರಣ ಎಳೆತವನ್ನು ತಾಳಿಕೊಳ್ಳುವ ಶಕ್ತಿ ಬೆಳೆದಿರುವುದು. ರೂಢಿ ತಪ್ಪಿದರೆ ಆ ತಾಳಿಕೆ ಕೆಲವೇ ವಾರಗಳಲ್ಲಿ ಇಳಿಯತೊಡಗುತ್ತದೆ.

ಸ್ನಾಯುವೂ ಬದಲಾಗುತ್ತದೆ. ಅದರ ಎಳೆಯೊಳಗೆ ಸಾರ್ಕೋಮಿಯರ್ ಎಂಬ ಸಣ್ಣ ಸಣ್ಣ ಘಟಕಗಳು ಸರಪಳಿಯ ಕೊಂಡಿಗಳ ಹಾಗೆ ಸಾಲಾಗಿರುತ್ತವೆ. 1972ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೆಕ್ಕಿನ ಕಾಲನ್ನು, ಮೀನಖಂಡದ ಸ್ನಾಯು ಕುಗ್ಗಿರುವ ಭಂಗಿಯಲ್ಲಿ, ಪ್ಲಾಸ್ಟರ್ ಹಾಕಿ ಇಟ್ಟರು. 4 ವಾರದಲ್ಲಿ ಆ ಸ್ನಾಯುವಿನ ಸುಮಾರು 40 ಶೇಕಡಾ ಕೊಂಡಿಗಳು ಕಡಿಮೆಯಾದವು. ಪ್ಲಾಸ್ಟರ್ ತೆಗೆದು ಮತ್ತೆ 4 ವಾರ ಓಡಾಡಲು ಬಿಟ್ಟಾಗ ಅವು ಮೊದಲಿನಷ್ಟಾದವು. ಕುರ್ಚಿ ಪ್ಲಾಸ್ಟರ್ ಅಲ್ಲ, ನಾವು ಬೆಕ್ಕೂ ಅಲ್ಲ. ಆದರೂ ನನಗೆ ಈ ಅಧ್ಯಯನದಲ್ಲಿ ಹಿಡಿಸಿದ್ದು ಅದರ ಕೊನೆಯ ಭಾಗ. ಹೋದದ್ದು ತಿರುಗಿ ಬಂತು, ಅಲ್ವಾ?

"ನಾನು ಯಾವತ್ತೂ ಸ್ಟ್ರೆಚಿಂಗ್ ಮಾಡಿದವನೇ ಅಲ್ಲ, ಮತ್ತೆ ಕಳಕೊಂಡದ್ದೇನು?" ಎಂದು ಹಳೆಯ ಜೊತೆಗಾರರು ಕೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಬಸ್ಕಿಯನ್ನು ನೋಡಿ. ಪೂರ್ತಿ ಕೆಳಗೆ ಕೂತು ಏಳುವಾಗ ಕಾಲಿನ ಗಿಣ್ಣು, ಮೊಣಕಾಲು, ಸೊಂಟ ಮೂರೂ ಕೊನೆಯವರೆಗೆ ಮಡಚಿ ಬಿಚ್ಚುತ್ತವೆ. ದಂಡ ಹೊಡೆಯುವಾಗ ಸೊಂಟ ಮೇಲೆತ್ತಿದರೆ ತೊಡೆಯ ಹಿಂಭಾಗ ಎಳೆಯುತ್ತದೆ, ಎದೆ ಕೆಳಗಿಳಿಸಿ ಮುಂದೆ ಜಾರಿದರೆ ಬೆನ್ನು ಹಿಂದಕ್ಕೆ ಬಾಗುತ್ತದೆ. ತಲೆ ಊರಿ ಕಮಾನಾಗಿ ನಿಂತರೆ ಕುತ್ತಿಗೆ, ಭುಜ, ಹೊಟ್ಟೆ ಎಲ್ಲಾ ತೆರೆದುಕೊಳ್ಳುತ್ತದೆ. ಕೀಲು ಪೂರ್ತಿ ಮಡಚಿ ಬಿಚ್ಚುವ ಹಾಗೆ ಮಾಡುವ ಕಸರತ್ತು ಸ್ಟ್ರೆಚಿಂಗಿನಷ್ಟೇ ಮೈಯನ್ನು ಸಡಿಲ ಮಾಡಬಲ್ಲದು. ಅಂದರೆ ಸಾಮು ಮಾಡುತ್ತಲೇ ದಿನಕ್ಕೆ ನೂರಾರು ಸಲ ನಮ್ಮ ಮೈ ಎಳೆದು ಬಿಡುತ್ತಿತ್ತು. ಅದನ್ನು ಬಿಟ್ಟ ದಿನ ಇದೂ ನಿಂತಿತು, ನಮಗೆ ಗೊತ್ತೇ ಆಗಲಿಲ್ಲ.

ಗೊತ್ತಾಗದಿರಲು ಇನ್ನೊಂದು ಕಾರಣವಿದೆ. ಮೊದಲು ಹೋಗುವುದು ದಮ್ಮು, ಎರಡು ಮೂರು ವಾರದಲ್ಲೇ ಮೆಟ್ಟಿಲು ಹತ್ತುವಾಗ ತಿಳಿಯುತ್ತದೆ. ಶಕ್ತಿ ಇನ್ನೂ ಕೆಲವು ವಾರ ನಿಲ್ಲುತ್ತದೆ. ಮೈಯ ಬಾಗು ಮಾತ್ರ ಸುಮ್ನೆ ಹೋಗುತ್ತದೆ. ಮೇಜಿನ ಮೇಲೆ ಊಟ, ಬೈಕಿನ ಮೇಲೆ ಓಡಾಟ. ಅಂಗೈ ನೆಲಕ್ಕೆ ಊರು ಎಂದು ನಮ್ಮನ್ನು ಯಾರೂ ಕೇಳುವುದಿಲ್ಲ. ಯಾವತ್ತೋ ಒಂದು ದಿನ ಪಂಕ್ತಿಯಲ್ಲಿ ಕೂತಾಗ ಬೆಳಕಿಗೆ ಬರುತ್ತದೆ. ಇದರ ಜೊತೆಗೆ ತಾಲೀಮಿನ ದಿನಗಳ ಖುರಾಕು, ಅಂದರೆ ಪೈಲ್ವಾನರ ಊಟ, ಮುಂದುವರಿದರೆ ಹೊಟ್ಟೆಯೂ ಬಗ್ಗಲು ಅಡ್ಡ ಬರುತ್ತದೆ.

ಒಂದು ಮಾತು. ಆಟಗಾರರೆಲ್ಲರ ಮೈ ಸಡಿಲ ಇರುತ್ತದೆ ಎಂದಲ್ಲ. ನಮ್ಮ ವಿಜಯಪುರ, ಬಾಗಲಕೋಟೆಯ ಸೈಕ್ಲಿಂಗ್ ಹುಡುಗರು ಗಂಟೆಗಟ್ಟಲೆ ಸೊಂಟ ಮಡಚಿಯೇ ತುಳಿಯುತ್ತಾರೆ. ಅವರಲ್ಲಿ ಎಷ್ಟೋ ಜನರಿಗೆ ಅಭ್ಯಾಸ ನಡೆದಾಗಲೇ ಸೊಂಟದ ಮುಂಭಾಗ ಬಿಗಿ. ತುಳಸಿಗೇರಿಯ ಮಲ್ಲಕಂಬದ ಮಕ್ಕಳು ಕಂಬದ ಮೇಲೆ ಬಿಲ್ಲಿನಂತೆ ಬಾಗುತ್ತಾರೆ. ಹಾಗಾಗಿ ಜಡ್ಡುಗಟ್ಟುವುದೂ ಒಬ್ಬೊಬ್ಬರಿಗೆ ಒಂದೊಂದು ಕೀಲಿನಲ್ಲಿ.

ಕಾಯಿಲೆ ಎಂಬ ಅರ್ಥವನ್ನೂ ಮರೆಯಬಾರದು. ಬೆಳಿಗ್ಗೆ ಎದ್ದಾಗ ಕೀಲು ಊದಿಕೊಂಡು, ಬಿಗಿತ ಗಂಟೆಗಟ್ಟಲೆ ಬಿಡದಿದ್ದರೆ ಅದು ತಾಲೀಮು ಬಿಟ್ಟದ್ದರಿಂದ ಬಂದದ್ದು ಎಂದು ಕೂರಬೇಡಿ. ಡಾಕ್ಟರಿಗೆ ತೋರಿಸಿ.

ತಿರುಗಿ ಶುರು ಮಾಡುವವರು ಹಳೆಯ ಲೆಕ್ಕ ಹಿಡಿದು ಮೊದಲ ದಿನವೇ ಇನ್ನೂರು ಬಸ್ಕಿ ಹೊಡೆಯುವುದನ್ನು ಕಂಡಿದ್ದೇನೆ, ಮಾರನೆಯ ದಿನ ಮಂಚ ಹಿಡಿದದ್ದನ್ನೂ ಕಂಡಿದ್ದೇನೆ. ಅಷ್ಟು ಬೇಕಿಲ್ಲ. ಸ್ವಲ್ಪ ನಡೆದು ಮೈ ಬಿಸಿ ಮಾಡಿಕೊಂಡು, ವಾರಕ್ಕೆ ಎರಡು ಮೂರು ದಿನ, ಒಂದೊಂದು ಸ್ನಾಯುವನ್ನು 10ರಿಂದ 30 ಸೆಕೆಂಡು ಎಳೆದು ಹಿಡಿಯಬೇಕು. ಒಟ್ಟು ಒಂದು ನಿಮಿಷ ಆಗುವಷ್ಟು ಸಲ. ಜಗ್ಗಿ ಜಗ್ಗಿ ಎಳೆಯಬಾರದು.

ನಾನು ಸಂಜೆ ಮಂಚದ ಅಂಚಿಗೆ ಹಿಮ್ಮಡಿ ಇಟ್ಟು ಬಗ್ಗುತ್ತೇನೆ. ಭಾನುವಾರ ಫೋನ್ ಮಾಡಿದಾಗ ಕಾಕಾ ಮೊದಲು ಅದನ್ನೇ ಕೇಳುತ್ತಾರೆ.

"ಕೈ ಎಲ್ಲೀಮಟಾ ಬಂತೋ?"

"ಗಿಣ್ಣಿಗೆ ಇನ್ನ ನಾಲ್ಕ ಬೆರಳು ಉಳದೈತ್ರಿ ಕಾಕಾ."