ಹಳೇ ಕಟ್ಟಡದಲ್ಲಿ ಔಷಧದ ಲ್ಯಾಬ್: ಮೊದಲು ಗಾಳಿಯ ಲೆಕ್ಕ ಹಾಕಿ

ಹಳೇ ಕಟ್ಟಡವನ್ನು ಔಷಧದ ಗುಣಮಟ್ಟ ಪರೀಕ್ಷಿಸುವ ಕ್ಯುಸಿ ಲ್ಯಾಬ್ ಮಾಡಬೇಕು ಅಂತ ಬರುವವರ ಕೈಯಲ್ಲಿ ಒಂದು ನಕ್ಷೆ ಇದ್ದೇ ಇರುತ್ತದೆ. ಔಷಧದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ಎಲ್ಲಿ, ತಕ್ಕಡಿ ಎಲ್ಲಿ, ಮ್ಯಾನೇಜರ್ ಕ್ಯಾಬಿನ್ ಎಲ್ಲಿ, ಎಲ್ಲ ಗುರುತು ಹಾಕಿರುತ್ತಾರೆ. ನಾನು ಮೊದಲು ಕೇಳುವುದು ಬೇರೆ: ನೆಲದಿಂದ ಬೀಮ್‌ನ ತಳಕ್ಕೆ ಎಷ್ಟು ಎತ್ತರ ಇದೆ?

ಸ್ಲ್ಯಾಬ್ 3 ಮೀಟರ್ ಇದ್ದು, ಬೀಮ್ 450 ಮಿ.ಮೀ. ಕೆಳಗಿಳಿದರೆ ಉಳಿಯುವುದು 2.55 ಮೀಟರ್. ಅದರ ಕೆಳಗೆ ಗಾಳಿ ಸಾಗಿಸುವ ಡಕ್ಟ್, ಇನ್ಸುಲೇಷನ್, ಫಾಲ್ಸ್ ಸೀಲಿಂಗ್ ಬರಬೇಕು. ರಾಸಾಯನಿಕದ ಆವಿಯನ್ನು ಹೊರಗೆ ಎಳೆಯುವ, ಮುಂದೆ ಏರಿಸಿ ಇಳಿಸುವ ಗಾಜಿರುವ ಫ್ಯೂಮ್ ಹುಡ್ ಒಂದೇ ಸುಮಾರು 2.4 ಮೀಟರ್ ಎತ್ತರ ಇರುತ್ತದೆ. ಎಲ್ಲಿ ನಿಲ್ಲಿಸುತ್ತೀರಿ? ಅದಕ್ಕೇ ರಾಯಚೂರಿನಲ್ಲಿ ಚೆಂದದ ಆಫೀಸ್ ಕಟ್ಟಡಕ್ಕಿಂತ ಎತ್ತರದ ಹಳೇ ಹತ್ತಿ ಗೋದಾಮೇ ವಾಸಿ ಅಂತ ನಾನು ಹೇಳುತ್ತೇನೆ. ತಗಡಿನ ಚಾವಣಿ ಬಿಸಿಲಿಗೆ ಕಾಯುತ್ತದೆ, ನಿಜ. ಆದರೆ ಒಳಗೆ ಶಾಖ ತಡೆಯುವ ಪಫ್ ಪ್ಯಾನೆಲ್‌ನಿಂದ ಬೇರೆ ಕೋಣೆಗಳನ್ನೇ ಕಟ್ಟಿ, ಮೇಲಿನ ಜಾಗದಲ್ಲಿ ಡಕ್ಟ್ ಓಡಿಸಬಹುದು, ರಿಪೇರಿಗೆ ಆಳು ಹತ್ತಿ ಹೋಗಬಹುದು.

ಈಗ ಗಾಳಿಗೆ ಬರೋಣ. ಒಂದೂವರೆ ಮೀಟರ್ ಅಗಲದ ಹುಡ್, ಗಾಜು ಅರ್ಧ ಮೀಟರ್ ತೆರೆದಿದೆ, ಗಾಳಿ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಒಳಗೆ ಹೋಗಬೇಕು. ಲೆಕ್ಕ ಹಾಕಿದರೆ ಗಂಟೆಗೆ 1,350 ಘನ ಮೀಟರ್. ಅದು ನೀವು ದುಡ್ಡು ಕೊಟ್ಟು ತಂಪು ಮಾಡಿದ ಗಾಳಿ, ಸೀದಾ ಚಿಮಣಿಗೆ ಹೋಗುತ್ತದೆ. ಅಷ್ಟೇ ಗಾಳಿ ಹೊರಗಿನಿಂದ ಬರಬೇಕು, ಮೇ ತಿಂಗಳಲ್ಲಿ ನಮ್ಮೂರ ಬಿಸಿಲು ಗೊತ್ತಲ್ವಾ, 43 ಡಿಗ್ರಿ ಗಾಳಿಯನ್ನು 24ಕ್ಕೆ ಇಳಿಸಲು ಒಂದೊಂದು ಹುಡ್‌ಗೆ ಎರಡು ಟನ್‌ಗಿಂತ ಜಾಸ್ತಿ ಎಸಿ ಬೇಕು, ತೇವ ತೆಗೆಯುವ ಲೆಕ್ಕ ಇನ್ನೂ ಬೇರೆ. 8 ಮೀಟರ್ ಉದ್ದ, 6 ಮೀಟರ್ ಅಗಲದ ಕೋಣೆಯಲ್ಲಿ ಇಂಥ ನಾಲ್ಕು ಹುಡ್ ಇಟ್ಟರೆ ಗಂಟೆಗೆ ಸುಮಾರು ನಲವತ್ತು ಸಲ ಕೋಣೆಯ ಗಾಳಿ ಪೂರ್ತಿ ಬದಲಾಗುತ್ತದೆ. ಹತ್ತು ಸಲ ಸಾಕಾಗುವ ಕಡೆ! ಹಾಗಾಗಿ ಎಷ್ಟು ಹುಡ್ ನಿಜವಾಗಿ ಬೇಕು ಅಂತ ಕೆಲಸ ಮಾಡುವ ಕೆಮಿಸ್ಟ್‌ಗಳನ್ನೇ ಕೂರಿಸಿಕೊಂಡು ಕೇಳಿ. ಗಾಜು ಇಳಿಸಿದಾಗ ಫ್ಯಾನ್ ತಾನೇ ನಿಧಾನವಾಗುವ ವ್ಯವಸ್ಥೆಗೆ ಮೊದಲು ಜಾಸ್ತಿ ಖರ್ಚು, ಆದರೂ ಹಾಕಿಸಿ. ಸುತ್ತ ಜಿನ್ನಿಂಗ್ ಮಿಲ್, ಭತ್ತದ ಗಿರಣಿ ಇದ್ದರೆ ಗಾಳಿ ಎಳೆಯುವ ಬಾಯಿಯನ್ನು ಆ ಕಡೆ ತಿರುಗಿಸಬೇಡಿ. ಹುಡ್‌ಗಳ ಚಿಮಣಿಯಿಂದಲೂ ದೂರ ಇರಲಿ.

ಸೂಕ್ಷ್ಮಜೀವಿಗಳ ಪರೀಕ್ಷೆ ನಡೆಯುವ ಮೈಕ್ರೋಬಯಾಲಜಿ ವಿಷಯದಲ್ಲಿ ಮಾತ್ರ ರಾಜಿ ಬೇಡ. 2023ರ ಡಿಸೆಂಬರ್‌ನಲ್ಲಿ ಪರಿಷ್ಕರಣೆಯಾದ, ಔಷಧ ತಯಾರಿಕೆಯ ಸರ್ಕಾರಿ ನಿಯಮಗಳಾದ ಷೆಡ್ಯೂಲ್ ಎಂ ಇರಲಿ, ಅದಕ್ಕೂ ಹಿಂದಿನದಿರಲಿ, ಈ ವಿಭಾಗ ಬೇರೆಯೇ ಇರಬೇಕು ಎನ್ನುತ್ತದೆ. ಗೋಡೆ ಹಾಕಿ, ಮೇಲೆ ಅದೇ ಡಕ್ಟ್‌ನಿಂದ ಗಾಳಿ ಕೊಟ್ಟರೆ ಅದು ಬೇರೆ ಆಗಲಿಲ್ಲ. ಗಾಳಿ ಶೋಧಿಸಿ ತಂಪು ಮಾಡಿ ಕಳಿಸುವ ಸ್ವಂತ ಎಎಚ್‌ಯು, ಎರಡು ಬಾಗಿಲ ನಡುವಿನ ಸ್ವಂತ ಏರ್‌ಲಾಕ್ ಬೇಕು. ಔಷಧದಲ್ಲಿ ಜೀವಾಣು ಇಲ್ಲವೆಂದು ನೋಡುವ ಸ್ಟೆರಿಲಿಟಿ ಪರೀಕ್ಷೆಯ ಕೋಣೆಯಲ್ಲಿ ಗಾಳಿಯ ಒತ್ತಡ ಹೊರಗಿಗಿಂತ ಜಾಸ್ತಿ ಇರಬೇಕು, ಆವಿಯಾಗುವ ದ್ರಾವಕ, ಅಂದರೆ ಸಾಲ್ವೆಂಟ್ ಬಳಸುವ ಕೋಣೆಯಲ್ಲಿ ಕಾರಿಡಾರ್‌ಗಿಂತ ಕಡಿಮೆ.

ಶಹಾಬಾದ್ ಕಲ್ಲಿನ ನೆಲ ಮನೆಗೆ ತಂಪು, ಲ್ಯಾಬ್‌ಗೆ ಆಗಲ್ಲ. ಸಂದುಗಳಲ್ಲಿ ಎಲ್ಲ ಇಂಗುತ್ತದೆ. ಎಪಾಕ್ಸಿ ಲೇಪನ ಹಾಕಿಸುತ್ತೀರಾದರೆ ಡೈಕ್ಲೋರೋಮೀಥೇನ್ ಎಂಬ ಸಾಲ್ವೆಂಟ್ ಬಳಸುವ ಜಾಗದಲ್ಲಿ ಅದು ಮೇಲೇಳುತ್ತದೆ, ನೆನಪಿರಲಿ. ತಕ್ಕಡಿಗಳು ನೆಲ ಅಂತಸ್ತಿನಲ್ಲೇ, ಜನರೇಟರ್‌ನಿಂದ ಮತ್ತು ಲಾರಿ ಓಡಾಡುವ ರಸ್ತೆಯಿಂದ ದೂರ, ಎಸಿ ಗಾಳಿ ನೇರ ಬೀಳದ ಕಡೆ ಇರಲಿ. ಹಳೇ ಚರಂಡಿ ಪೈಪ್ ಎಲ್ಲಿಗೆ ಹೋಗುತ್ತದೆ ಅಂತ ಬಣ್ಣದ ನೀರು ಬಿಟ್ಟು ನೋಡಿ. ಎಚ್‌ಪಿಎಲ್‌ಸಿಗೆ ಬಳಸುವ ಅಸಿಟೋನೈಟ್ರೈಲ್ ಎಂಬ ಸಾಲ್ವೆಂಟ್ ಊರ ಮೋರಿ ಸೇರಬಾರದು, ಕ್ಯಾನ್‌ಗಳಲ್ಲೇ ಹಿಡಿದಿಡಬೇಕು.

ಔಷಧ ಎಷ್ಟು ಕಾಲ ಕೆಡದೆ ಇರುತ್ತದೆ ಅಂತ ನೋಡುವ ಸ್ಟೆಬಿಲಿಟಿ ಚೇಂಬರ್‌ಗೆ ಬೇರೆ ಕೋಣೆ ಕೊಡಿ. 40 ಡಿಗ್ರಿ, 75 ಶೇಕಡಾ ತೇವದಲ್ಲಿ ಆರು ತಿಂಗಳು ಬಿಡದೆ ಓಡಬೇಕಾದ ಯಂತ್ರ ಅದು. ತಾನೂ ಬಿಸಿ ಹೊರಹಾಕುತ್ತದೆ. ಕರೆಂಟ್ ಹೋದಾಗ ತಾನೇ ಶುರುವಾಗುವ ಜನರೇಟರ್ ಇಲ್ಲದೆ ಇದನ್ನು ಚಾಲೂ ಮಾಡಬೇಡಿ.

ಇನ್ನು ಕ್ವಾಲಿಫಿಕೇಷನ್, ಅಂದರೆ ಕಟ್ಟಿದ ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತದೆಯೇ ಅಂತ ಪರೀಕ್ಷಿಸಿ ದಾಖಲಿಸುವುದು. ಕಂಟ್ರಾಕ್ಟರ್‌ಗಳು ಡಿಸೆಂಬರ್‌ನಲ್ಲಿ ಕೋಣೆಯ ಬೇರೆ ಬೇರೆ ಜಾಗಗಳಲ್ಲಿ ಅಳೆಯುವ ತಾಪಮಾನದ ಮ್ಯಾಪಿಂಗ್ ಮುಗಿಸಿ ಬಿಲ್ ಕೊಡುತ್ತಾರೆ. ರಾಯಚೂರಿನ ಡಿಸೆಂಬರ್‌ನಲ್ಲಿ ಯಾವ ಎಸಿ ಬೇಕಾದರೂ ಪಾಸಾಗುತ್ತದೆ. ಎಲ್ಲ ಹುಡ್ ತೆರೆದು, ಜನ ಓಡಾಡುತ್ತಿರುವಾಗ, ಮೇ ತಿಂಗಳ ಮಧ್ಯಾಹ್ನ ಇನ್ನೊಮ್ಮೆ ಮ್ಯಾಪಿಂಗ್ ಮತ್ತು ಗಾಳಿ ಯಾವ ಕಡೆ ಹೋಗುತ್ತದೆ ಅಂತ ನೋಡುವ ಹೊಗೆ ಪರೀಕ್ಷೆ ಮಾಡಿಸಬೇಕು ಅಂತ ಕರಾರಿನಲ್ಲೇ ಬರೆಸಿ. ಕೊನೆಯ ಕಂತನ್ನು ಅಲ್ಲಿಯವರೆಗೆ ಇಟ್ಟುಕೊಳ್ಳಿ.