ನೆಟ್ಟ ದಿನಕ್ಕೂ ಕಡಿಯುವ ದಿನಕ್ಕೂ ನಡುವೆ: ಬೀದಿ ಮರದ ಕಾನೂನು ನಡೆದು ಬಂದ ದಾರಿ

ರಸ್ತೆ ಬದಿಯ ಯಾವುದಾದರೂ ಹಳೇ ಮರದ ಬುಡಕ್ಕೆ ಹೋಗಿ ನೋಡಿ. ಬಹಳ ಕಡೆ ಅಲ್ಲಿ ಮಣ್ಣೇ ಕಾಣುವುದಿಲ್ಲ. ಕಾಂಡಕ್ಕೆ ತಾಗುವ ತನಕ ಟೈಲ್ಸ್, ಇಲ್ಲವೇ ಕಾಂಕ್ರೀಟ್. ಸಸಿಯಾಗಿದ್ದಾಗ ದನ ತಿನ್ನದಿರಲಿ ಅಂತ ಹಾಕಿದ ಕಬ್ಬಿಣದ ಟ್ರೀ ಗಾರ್ಡ್ ಇನ್ನೂ ಅಲ್ಲೇ ಇರುತ್ತದೆ. ಮರ ದಪ್ಪವಾಗುತ್ತಾ ಹೋದಂತೆ ಅದರ ಸರಳುಗಳು ತೊಗಟೆಯೊಳಗೆ ಇಳಿದಿರುತ್ತವೆ. ಸರಳಿನ ಎರಡೂ ಕಡೆ ಮರ ತುಟಿಯಂತೆ ಉಬ್ಬಿಕೊಂಡಿರುತ್ತದೆ.

ಆ ಸಸಿ ನೆಟ್ಟ ದಿನ ಅದೊಂದು ಕಾರ್ಯಕ್ರಮವಾಗಿತ್ತು. ನಾಳೆ ಅದನ್ನು ಕಡಿಯಬೇಕು ಅಂದರೆ ಅರ್ಜಿ ಬೇಕು, ಅನುಮತಿ ಬೇಕು. ಎರಡಕ್ಕೂ ಲೆಕ್ಕವಿದೆ, ಕಡತವಿದೆ. ಆದರೆ ನಡುವಿನ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಆ ಸರಳನ್ನು ಬಿಚ್ಚುವುದು ಯಾರ ಕೆಲಸವಾಗಿತ್ತು? ಸಾರ್ವಜನಿಕ ಮರಗಳ ಕಾನೂನಿನ ಇತಿಹಾಸವನ್ನು ಓದುತ್ತಾ ಹೋದಷ್ಟೂ ನನಗೆ ಈ ಪ್ರಶ್ನೆಯೇ ಎದುರಾಗುತ್ತದೆ. ನೆಡುವುದಕ್ಕೂ ಕಡಿಯುವುದಕ್ಕೂ ನಿಯಮಗಳು ಬೇಗ ಬಂದವು. ಸಾಕುವುದಕ್ಕೆ ಬಂದದ್ದು ತೀರಾ ತಡವಾಗಿ.

ನೆಡುವ ಕತೆ ಹಳೆಯದು. ದೆಹಲಿ–ಟೋಪ್ರಾ ಕಂಬದ ಮೇಲಿರುವ ಅಶೋಕನ ಏಳನೇ ಸ್ತಂಭ ಶಾಸನದಲ್ಲಿ, ದಾರಿಗಳ ಉದ್ದಕ್ಕೂ ಆಲದ ಮರ ನೆಡಿಸಿದೆ, ಪಶುಗಳಿಗೂ ಮನುಷ್ಯರಿಗೂ ನೆರಳಾಗಲಿ ಎಂದು, ಮಾವಿನ ತೋಪು ಹಾಕಿಸಿದೆ ಎಂಬ ಮಾತಿದೆ. ಕಡಿಯುವವರಿಗೆ ದಂಡದ ಕತೆಯೂ ಹಳೆಯದೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದಕ್ಕೆ ಒಂದು ದರಪಟ್ಟಿಯೇ ಇದೆ. ಊರ ಉದ್ಯಾನದಲ್ಲಿ ಹೂವು, ಹಣ್ಣು, ನೆರಳು ಕೊಡುವ ಮರದ ಚಿಗುರು ಕತ್ತರಿಸಿದರೆ 6 ಪಣ. ಸಣ್ಣ ಕೊಂಬೆಗೆ 12, ದಪ್ಪ ಕೊಂಬೆಗೆ 24. ಕಾಂಡಕ್ಕೆ ಕೈ ಹಾಕಿದರೆ, ಬುಡಸಮೇತ ಉರುಳಿಸಿದರೆ ದಂಡ ಇನ್ನೂ ಮೇಲಿನ ದರ್ಜೆಯದು. ಗಡಿ ಗುರುತಿನ ಮರ, ಪೂಜೆಯ ಮರ, ರಾಜವನದ ಮರವಾದರೆ ಎಲ್ಲವೂ ಎರಡರಷ್ಟು. ಈ ಪಟ್ಟಿ ನನಗೆ ತುಂಬಾ ಹಿಡಿಸಿದ್ದು ಒಂದು ಕಾರಣಕ್ಕೆ. ಕಡಿಯುವುದು ಮಾತ್ರ ತಪ್ಪಲ್ಲ, ಕೊಂಬೆ ಮುರಿಯುವುದೂ ತಪ್ಪು, ಚಿಗುರು ಕೀಳುವುದೂ ತಪ್ಪು ಅಂತ ಬರೆದವರಿಗೆ ಗೊತ್ತಿತ್ತು. ಮರಕ್ಕೆ ಆಗುವ ಗಾಯವನ್ನು ಅವರು ಅಳೆದು ನೋಡಿದ್ದರು.

ಮುಂದೆ ಬಹಳ ಕಾಲ ಹಲವು ರಾಜ್ಯಗಳು ಮರ ಉಳಿಸಿದ್ದು ತಮ್ಮ ಲಾಭಕ್ಕೆ. 1691ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿಗೆ ಇಂಗ್ಲೆಂಡಿನ ದೊರೆತನ ಕೊಟ್ಟ ಸನ್ನದಿನಲ್ಲಿ ಒಂದು ಷರತ್ತಿತ್ತು. ಮೊದಲೇ ಖಾಸಗಿಯವರಿಗೆ ಕೊಟ್ಟ ಜಾಗ ಬಿಟ್ಟು ಬೇರೆಲ್ಲೂ, 24 ಇಂಚು ಅಥವಾ ಅದಕ್ಕಿಂತ ದಪ್ಪದ ಮರಗಳನ್ನು ಅಪ್ಪಣೆಯಿಲ್ಲದೆ ಯಾರೂ ಮುಟ್ಟುವಂತಿಲ್ಲ. ಅವು ನೌಕಾಪಡೆಯ ಹಡಗುಗಳ ಪಟಸ್ತಂಭಕ್ಕೆ ಮೀಸಲು. ಅಂಥ ಮರಕ್ಕೆ ಕೊಡಲಿಯಿಂದ ಬಾಣದ ಗುರುತು ಹಾಕುತ್ತಿದ್ದರು. ಜನ ಇದನ್ನು ಸಹಿಸಲಿಲ್ಲ. 1772ರಲ್ಲಿ ಪಕ್ಕದ ನ್ಯೂ ಹ್ಯಾಂಪ್‌ಶೈರ್‌ನ ವೇರ್ ಊರಿನಲ್ಲಿ ದಂಡ ವಸೂಲಿಗೆ ಬಂದ ಅಧಿಕಾರಿಗಳನ್ನು ಹೊಡೆದು ಓಡಿಸಿದರು. ಆಗ ಕಾಯುತ್ತಿದ್ದದ್ದು ಮರವನ್ನಲ್ಲ, ಅದರ ದಿಮ್ಮಿಯನ್ನು.

ಬೀದಿಯ ಮರ ಎಲ್ಲರ ನೆರಳು, ಅದನ್ನು ಊರು ಕಾಯಬೇಕು ಎಂಬ ಯೋಚನೆ ಗಟ್ಟಿಯಾದದ್ದು 19ನೇ ಶತಮಾನದಲ್ಲಿ. ಪ್ಯಾರಿಸ್ಸನ್ನು ಅಲ್ಲಿನ ಆಡಳಿತಾಧಿಕಾರಿ ಹೌಸ್‌ಮನ್ ಒಡೆದು ಕಟ್ಟಿದಾಗ ಅಗಲ ರಸ್ತೆಗಳ ಎರಡೂ ಬದಿಗೆ ಮರ ಬಂತು. ಅದರ ಹೊಣೆ ಹೊತ್ತವರು ಎಂಜಿನಿಯರ್ ಅಡಾಲ್ಫ್ ಆಲ್ಫಾಂ. ಬುಡದ ಸುತ್ತ ಎರಕದ ಕಬ್ಬಿಣದ ಜಾಲರಿ ಹಾಸಿದರು. ಜನ ಮೇಲೆ ನಡೆಯಬಹುದು, ಮಣ್ಣು ತುಳಿತಕ್ಕೆ ಸಿಕ್ಕಿ ಗಟ್ಟಿಯಾಗುವುದಿಲ್ಲ, ನೀರೂ ಗಾಳಿಯೂ ಬೇರಿಗೆ ಇಳಿಯುತ್ತವೆ. ಬೀದಿ ಮರಕ್ಕೂ ಉಸಿರಾಡಲು ಜಾಗ ಬೇಕು ಎಂಬುದನ್ನು ಕಬ್ಬಿಣದಲ್ಲಿ ಎರಕ ಹೊಯ್ದು ಇಟ್ಟ ಹಾಗೆ.

ಆದರೆ ಕಾನೂನಿನ ದೊಡ್ಡ ತಿರುವು ಬಂದದ್ದು ಅದೇ ಮ್ಯಾಸಚೂಸೆಟ್ಸ್‌ನಲ್ಲಿ. 1890ರಲ್ಲಿ ಅಲ್ಲಿ ಒಂದು ಕಾಯ್ದೆ ಬಂತು. ಜನ ಅದನ್ನು ‘ಮೊಳೆ ಕಾಯ್ದೆ’ ಅಂತಲೇ ಕರೆದರು. ರಸ್ತೆ ಬದಿಯ ಯಾವ ಮರವನ್ನು ಉಳಿಸಬೇಕೋ ಅದಕ್ಕೆ ಊರಿನ ಅಧಿಕಾರಿಗಳು ಒಂದು ಮೊಳೆ ಹೊಡೆಯಬೇಕು. ಮೊಳೆಯ ತಲೆಯ ಮೇಲೆ ‘ಎಂ’ ಅಕ್ಷರದ ಅಚ್ಚು. ಆ ಮೊಳೆ ಇದ್ದರೆ ಮರ ಸಾರ್ವಜನಿಕ, ಮುಟ್ಟಿದವರಿಗೆ ದಂಡ. ಇವತ್ತು ಜಾಹೀರಾತಿನ ಬೋರ್ಡಿಗಾಗಿ ಮರಕ್ಕೆ ಮೊಳೆ ಹೊಡೆಯುವುದನ್ನು ನೋಡಿ ನಾವು ಸಂಕಟಪಡುತ್ತೇವೆ, ಅಲ್ವಾ? ಅಲ್ಲಿ ಕಾಪಾಡುವ ಗುರುತೇ ಮೊಳೆಯಾಗಿತ್ತು. ತೊಂದರೆ ಏನೆಂದರೆ, ಮೊಳೆ ಬಿದ್ದ ಮರಕ್ಕೆ ಮಾತ್ರ ರಕ್ಷಣೆ. ಮೊಳೆ ಹೊಡೆದ ಮೇಲೆ ಆ ಮರವನ್ನು ನೋಡಿಕೊಳ್ಳುವವರು ಯಾರು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ.

ಉತ್ತರ ಬರಲು ಒಂಬತ್ತು ವರ್ಷ ಹಿಡಿಯಿತು. 1896ರ ಕಾಯ್ದೆ, ಬೇಕಾದ ಊರುಗಳು ‘ಟ್ರೀ ವಾರ್ಡನ್’ ಒಬ್ಬರನ್ನು ಇಟ್ಟುಕೊಳ್ಳಬಹುದು ಎಂದಿತು. 1899ರಲ್ಲಿ ‘ಬಹುದು’ ಹೋಗಿ ‘ಬೇಕು’ ಆಯಿತು. ಪ್ರತಿ ಊರಿನಲ್ಲೂ ಒಬ್ಬ ಟ್ರೀ ವಾರ್ಡನ್ ಇರಲೇಬೇಕು, ಊರಿನ ಎಲ್ಲ ನೆರಳಿನ ಮರಗಳ ಆರೈಕೆಯೂ ಹತೋಟಿಯೂ ಅವರ ಕೈಲಿ. ಇಲ್ಲಿ ‘ಆರೈಕೆ’ ಎಂಬ ಮಾತು ಕಾನೂನಿನೊಳಗೆ ಬಂತು, ಅದರ ಜೊತೆಗೆ ಒಬ್ಬ ಮನುಷ್ಯನೂ ಬಂದ. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಇಲ್ಲ. ಮರ ಬಾಡಿದರೆ ಯಾರನ್ನು ಕೇಳಬೇಕು ಅಂತ ಊರಿನವರಿಗೆ ಗೊತ್ತಾಯಿತು. ಆ ವ್ಯವಸ್ಥೆ ಇಂದಿಗೂ ಅಲ್ಲಿದೆ. ಬೀದಿ ಮರ ಕಡಿಯುವ ಮುನ್ನ ಸಾರ್ವಜನಿಕ ವಿಚಾರಣೆ ನಡೆಸಬೇಕು. ಕನಿಷ್ಠ ಏಳು ದಿನ ಮೊದಲೇ ಅದೇ ಮರದ ಮೇಲೆ ನೋಟಿಸ್ ಅಂಟಿಸಬೇಕು. ದಿನಾ ಅದರ ಕೆಳಗೆ ಓಡಾಡುವವರ ಕಣ್ಣಿಗೆ ಬೀಳಲಿ ಎಂದು.

ಆರೈಕೆಗೆ ಜನ ಸಿಕ್ಕರೂ ಆರೈಕೆ ಹೇಗೆ ಎಂಬುದು ಸರಿಯಾಗಿ ತಿಳಿದದ್ದು ಇನ್ನೂ ಎಷ್ಟೋ ವರ್ಷಗಳ ಮೇಲೆ. ಮೊದಲ ಪಾಠವನ್ನು ರೋಗ ಕಲಿಸಿತು. 20ನೇ ಶತಮಾನದ ಮೊದಲ ಭಾಗದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಪತ್ತೆಯಾದ ಎಲ್ಮ್ ಮರದ ಶಿಲೀಂಧ್ರ ರೋಗ 1930ರಲ್ಲಿ ಅಮೆರಿಕದ ಓಹಾಯೋದಲ್ಲಿ ಕಾಣಿಸಿಕೊಂಡಿತು. ಊರೂರಿನ ಬೀದಿಗಳಲ್ಲಿ ಎಲ್ಮ್ ಒಂದೇ ಸಾಲಾಗಿ ನಿಂತಿತ್ತು. ಅಕ್ಕಪಕ್ಕದ ಮರಗಳ ಬೇರುಗಳು ಮಣ್ಣಿನಡಿ ಒಂದಕ್ಕೊಂದು ಬೆಸೆದುಕೊಂಡಿದ್ದವು. ಜೀರುಂಡೆ ಹೊತ್ತು ತಂದ ರೋಗ ಬೇರಿನಿಂದ ಬೇರಿಗೂ ಹರಿಯಿತು. ನೆರಳಿನ ಸುರಂಗದಂತಿದ್ದ ಬೀದಿಗಳು ಕೆಲವೇ ವರ್ಷಗಳಲ್ಲಿ ಬೋಳಾದವು. ಅಲ್ಲಿಂದ ಮುಂದೆ ಯಾವ ಮರ ನೆಡಬೇಕು ಎಂಬುದಕ್ಕೂ ನಿಯಮ ಬಂತು. 1990ರಲ್ಲಿ ಸಸ್ಯವಿಜ್ಞಾನಿ ಫ್ರಾಂಕ್ ಸ್ಯಾಂಟಮೋರ್ ಒಂದು ಸರಳ ಲೆಕ್ಕ ಕೊಟ್ಟರು. ಊರಿನ ಮರಗಳಲ್ಲಿ ಒಂದೇ ಪ್ರಭೇದದವು ಶೇ 10 ಮೀರಬಾರದು, ಒಂದೇ ಕುಲದವು ಶೇ 20, ಒಂದೇ ಕುಟುಂಬದವು ಶೇ 30. ಮೆಲ್ಬರ್ನ್ ನಗರ 2012ರ ತನ್ನ ಯೋಜನೆಯಲ್ಲಿ ಇದನ್ನು ಇನ್ನೂ ಬಿಗಿ ಮಾಡಿ 5, 10, 20ಕ್ಕೆ ಇಳಿಸಿತು.

ಎರಡನೇ ಪಾಠ ಗರಗಸದ್ದು. ಬಹಳ ಕಾಲ ಕೊಂಬೆಯನ್ನು ಕಾಂಡಕ್ಕೆ ಸಮವಾಗಿ, ನುಣ್ಣಗೆ ಕತ್ತರಿಸಿ ಬಣ್ಣವನ್ನೋ ಟಾರನ್ನೋ ಬಳಿಯುವುದೇ ಒಳ್ಳೆಯ ಕೆಲಸ ಎನಿಸಿಕೊಂಡಿತ್ತು. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಚೈನ್‌ಸಾದಿಂದ ಉದ್ದುದ್ದ ಸೀಳಿ ಒಳಗೆ ನೋಡಿದರು. ಅಲ್ಲಿ ಕಂಡದ್ದೇ ಬೇರೆ. ನಮ್ಮ ಚರ್ಮದ ಹಾಗೆ ಮರದ ಗಾಯ ಮಾಯುವುದಿಲ್ಲ. ಮರ ಆ ಭಾಗದ ಸುತ್ತ ಗೋಡೆ ಕಟ್ಟಿ ಕೊಳೆತವನ್ನು ಅಲ್ಲೇ ತಡೆಯುತ್ತದೆ. ಬಣ್ಣ ಬಳಿದರೆ ಕೊಳೆಯುವುದು ನಿಲ್ಲುವುದಿಲ್ಲ. 1970ರ ದಶಕದ ಈ ತಿಳಿವು ಕೊಂಬೆ ಸವರುವ ರೀತಿಯನ್ನೇ ಬದಲಿಸಿತು.

ಕೊಂಬೆ ಕಾಂಡಕ್ಕೆ ಸೇರುವ ಜಾಗವನ್ನು ಗಮನಿಸಿ. ಅಲ್ಲಿ ಕೊರಳಪಟ್ಟಿಯ ಹಾಗೆ ಒಂದು ಉಬ್ಬು ಇರುತ್ತದೆ. ಗೋಡೆ ಕಟ್ಟುವ ಶಕ್ತಿ ಇರುವುದು ಅಲ್ಲೇ. ಅದನ್ನು ಕೊಯ್ಯಬಾರದು, ತೀರಾ ದೂರದಲ್ಲಿ ಕತ್ತರಿಸಿ ಮೋಟು ಬಿಡಲೂಬಾರದು. ಭಾರದ ಕೊಂಬೆಯಾದರೆ ಮೂರು ಸಲ ಗರಗಸ ಹಾಕಬೇಕು. ಮೊದಲು ಕಾಂಡದಿಂದ ಸ್ವಲ್ಪ ಆಚೆ, ಕೆಳಗಿನಿಂದ ಅರ್ಧದವರೆಗೆ. ಆಮೇಲೆ ಇನ್ನೂ ತುಸು ಆಚೆ, ಮೇಲಿನಿಂದ. ಆಗ ಕೊಂಬೆ ತೊಗಟೆಯನ್ನು ಸುಲಿದುಕೊಳ್ಳದೆ ಕಳಚಿ ಬೀಳುತ್ತದೆ. ಕೊನೆಗೆ ಉಳಿದ ಮೋಟನ್ನು ಉಬ್ಬಿನ ಹೊರಗೆ ತೆಗೆಯಬೇಕು. ಇಷ್ಟೇ. ಆದರೆ ತಂತಿಗೆ ತಾಗುತ್ತದೆ ಅಂತ ತಲೆ ಬೋಳಿಸಿಕೊಂಡು ನಿಂತ ಮರಗಳನ್ನು ನೋಡಿದರೆ, ಈ ಮೂರು ಕೊಯ್ತದ ಪಾಠ ಎಷ್ಟೋ ಕೈಗಳಿಗೆ ತಲುಪಿಲ್ಲ ಎಂದು ಗೊತ್ತಾಗುತ್ತದೆ. ಅಮೆರಿಕದಲ್ಲಿ 1995ರಲ್ಲಿ ಮರ ಸವರುವ ಕೆಲಸಕ್ಕೆ ರಾಷ್ಟ್ರಮಟ್ಟದ ಮಾನದಂಡ ಬಂತು. ಅನುಮತಿ ಕೊಡುವಾಗ ‘ಮಾನದಂಡದ ಪ್ರಕಾರ ಸವರಬೇಕು’ ಎಂಬ ಸಾಲು ಸೇರಿಸಲು ಊರುಗಳಿಗೆ ಆಗ ಒಂದು ಆಧಾರ ಸಿಕ್ಕಿತು.

ಬ್ರಿಟನ್ ಬೇರೆ ದಾರಿ ಹಿಡಿಯಿತು. 1947ರ ನಗರ ಯೋಜನಾ ಕಾಯ್ದೆಯಡಿ, ಒಂದೊಂದು ಮರಕ್ಕೂ ಅಥವಾ ಮರಗಳ ಗುಂಪಿಗೂ ‘ಸಂರಕ್ಷಣಾ ಆದೇಶ’ ಹೊರಡಿಸುವ ಅಧಿಕಾರ ಸ್ಥಳೀಯ ಆಡಳಿತಕ್ಕೆ ಸಿಕ್ಕಿತು. ಖಾಸಗಿ ಜಾಗದ ಮರವಾದರೂ ಆದೇಶವಿದ್ದರೆ ಅಪ್ಪಣೆಯಿಲ್ಲದೆ ಕೊಂಬೆ ತೆಗೆಯುವಂತಿಲ್ಲ. ಒಳ್ಳೆಯ ಕಾನೂನು. ಆದರೆ ಮರ ಕಾಯಬೇಕಾದ ಆಡಳಿತವೇ ಕಡಿಯಲು ಹೊರಟರೆ? ಶೆಫೀಲ್ಡ್‌ನಲ್ಲಿ ಅದೇ ಆಯಿತು. 2012ರಲ್ಲಿ ಅಲ್ಲಿನ ನಗರಾಡಳಿತ ರಸ್ತೆ ನಿರ್ವಹಣೆಗೆ 25 ವರ್ಷದ ಗುತ್ತಿಗೆ ಕೊಟ್ಟಿತು. ರಸ್ತೆ ಮರಗಳೂ ಅದರೊಳಗೆ ಬಂದವು. ಸಾವಿರಾರು ಮರಗಳು ಉರುಳಿದವು, ಎಷ್ಟೋ ಆರೋಗ್ಯವಂತ ಮರಗಳೂ ಸೇರಿದಂತೆ. 2016ರ ನವೆಂಬರ್‌ನಲ್ಲಿ ರಸ್ಟ್ಲಿಂಗ್ಸ್ ರಸ್ತೆಯಲ್ಲಿ ಬೆಳಕು ಹರಿಯುವ ಮುಂಚೆಯೇ ಪೊಲೀಸರ ಜೊತೆ ಬಂದು, ಮಲಗಿದ್ದವರನ್ನು ಎಬ್ಬಿಸಿ ಮರ ಕಡಿದರು. ಜನ ಬಿಡಲಿಲ್ಲ. 2018ರ ಮಾರ್ಚ್‌ನಲ್ಲಿ ಕಡಿಯುವುದು ನಿಂತಿತು. 2023ರಲ್ಲಿ ಸ್ವತಂತ್ರ ವಿಚಾರಣೆಯ ವರದಿ ನಗರಾಡಳಿತವನ್ನು ಕಟುವಾಗಿ ಟೀಕಿಸಿತು. ಈ ನಡುವೆ ಬಂದ 2021ರ ಪರಿಸರ ಕಾಯ್ದೆ, ಬೀದಿ ಮರ ಕಡಿಯುವ ಮೊದಲು ಜನರ ಅಭಿಪ್ರಾಯ ಕೇಳುವುದನ್ನು ಇಂಗ್ಲೆಂಡಿನಲ್ಲಿ ಕಡ್ಡಾಯ ಮಾಡಿತು. ಮ್ಯಾಸಚೂಸೆಟ್ಸ್‌ನವರು ಮರಕ್ಕೆ ನೋಟಿಸ್ ಅಂಟಿಸಿ ಕೇಳುತ್ತಿದ್ದದ್ದೂ ಇದನ್ನೇ.

ಸಿಂಗಪುರದ ಅನುಭವದಿಂದ ಒಂದೇ ಮಾತು ತೆಗೆದುಕೊಳ್ಳುತ್ತೇನೆ. 1975ರ ಅದರ ಉದ್ಯಾನ ಮತ್ತು ಮರಗಳ ಕಾಯ್ದೆಯ ಕಾಲದಲ್ಲಿ ರಸ್ತೆ, ಪಾರ್ಕಿಂಗ್ ಜಾಗದಂಥ ಕಾಮಗಾರಿಗಳಲ್ಲೇ ಮರಕ್ಕೆ ಜಾಗ ಬಿಡಬೇಕೆಂಬ ನಿಯಮ ಬಂತು. ಉಳಿದ ಜಾಗದಲ್ಲಿ ಮರ ನೆಡುವುದಲ್ಲ, ನಕ್ಷೆ ಬರೆಯುವಾಗಲೇ ಮರದ ಪಾಲು ಎತ್ತಿಡುವುದು.

ಹೆಚ್ಚುಕಮ್ಮಿ ಅದೇ ಹೊತ್ತಿಗೆ ಭಾರತದಲ್ಲೂ ರಾಜ್ಯಗಳು ಕಾನೂನು ಮಾಡಿದವು. ಮಹಾರಾಷ್ಟ್ರದ ನಗರ ಮರಗಳ ಕಾಯ್ದೆ 1975ರದು, ಕರ್ನಾಟಕದ ವೃಕ್ಷ ಸಂರಕ್ಷಣಾ ಕಾಯ್ದೆ 1976ರದು, ದೆಹಲಿಯದು 1994ರದು. ವೃಕ್ಷ ಪ್ರಾಧಿಕಾರ, ವೃಕ್ಷ ಅಧಿಕಾರಿ, ಕಡಿಯಲು ಅನುಮತಿ, ಕಡಿದದ್ದಕ್ಕೆ ಬದಲಿ ಸಸಿ, ಮರಗಳ ಗಣತಿ. ಓದಲು ಎಲ್ಲವೂ ಇದೆ. ಮಹಾರಾಷ್ಟ್ರ 2021ರಲ್ಲಿ ತಿದ್ದುಪಡಿ ತಂದು, 50 ವರ್ಷ ದಾಟಿದ ಮರವನ್ನು ಪಾರಂಪರಿಕ ಮರ ಎಂದಿತು. ಕಡಿದ ಮರಕ್ಕೆ ಎಷ್ಟು ವರ್ಷವೋ ಅಷ್ಟು ಸಸಿ ನೆಡಬೇಕು ಎಂದೂ ಹೇಳಿತು. ಲೆಕ್ಕ ಚೆನ್ನಾಗಿದೆ. ಆದರೆ 50 ಸಸಿ ಸೇರಿದರೂ ಒಂದು ಹಳೇ ಮರದ ನೆರಳು ನಾಳೆಗೇ ಬರುವುದಿಲ್ಲ. ಮೊದಲ ಎರಡು ಮೂರು ಬೇಸಿಗೆ ನೀರು ಕಾಣದಿದ್ದರೆ ಆ 50ರಲ್ಲಿ ಎಷ್ಟು ಉಳಿದಾವು? ಬದಲಿ ಸಸಿ ಅನ್ನುವ ಮಾತು ಬಂದಾಗ ಹೆಚ್ಚಾಗಿ ನೆಡುವುದರ ಬಗ್ಗೆಯೇ ಯೋಚನೆ, ಬದುಕಿಸುವುದರ ಬಗ್ಗೆ ಕಡಿಮೆ. ನೆಟ್ಟದ್ದಕ್ಕಲ್ಲ, ಮೂರು ವರ್ಷ ಉಳಿಸಿ ತೋರಿಸಿದ್ದಕ್ಕೆ ಗುತ್ತಿಗೆದಾರರಿಗೆ ದುಡ್ಡು ಕೊಟ್ಟರೆ ಈ ಕತೆ ಬೇರೆಯೇ ಆಗುತ್ತದೆ.

ನಡುವಿನ ಆ ವರ್ಷಗಳ ಬಗ್ಗೆ ಗಟ್ಟಿಯಾಗಿ ಮಾತಾಡಿದ ಒಂದು ಆದೇಶ 2013ರದು. ದೆಹಲಿಯಲ್ಲಿ ಮರದ ಸುತ್ತ ಒಂದು ಮೀಟರ್‌ನೊಳಗಿನ ಕಾಂಕ್ರೀಟ್ ತೆಗೆಯಬೇಕು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತು. ಮರದ ಉಣ್ಣುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದು ಮೀಟರ್ ಆಳದ ಮಣ್ಣಿನಲ್ಲೇ ಹರಡಿರುತ್ತವೆ. ಅವಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ಆದ್ದರಿಂದ ಬುಡದ ಸುತ್ತ ಒಂದು ಮೀಟರ್ ಬಿಡುವುದು ಏನೂ ಜಾಸ್ತಿ ಅಲ್ಲ, ತೀರಾ ಕಡಿಮೆ. ಆದರೂ ಅದೊಂದು ಅಳತೆ. ಟೇಪು ಹಿಡಿದು ಯಾರು ಬೇಕಾದರೂ ನೋಡಬಹುದು.

ಹಾಗೆ ತೆಗೆಯುವಾಗಲೂ ಸುಮ್ನೆ ಯಂತ್ರ ತಂದು ಅಗೆಯುವಂತಿಲ್ಲ, ಬೇರು ಹರಿಯುತ್ತದೆ. ಕೈಯಿಂದ ಒಡೆದು, ಚೂರು ಹೆಕ್ಕಿ, ಮೇಲೆ ತರಗೆಲೆ ಹಾಸಬೇಕು. ಟ್ರೀ ಗಾರ್ಡಿನ ಸರಳು ತೊಗಟೆಯೊಳಗೆ ಇಳಿದಿದ್ದರೆ ಎಳೆಯಬಾರದು. ಎಳೆದರೆ ಮುಚ್ಚಿಕೊಂಡ ಗಾಯ ಮತ್ತೆ ತೆರೆಯುತ್ತದೆ. ಹೊರಗೆ ಕಾಣುವಷ್ಟನ್ನು ಕತ್ತರಿಸಿ ತೆಗೆದು, ಒಳಗಿನದನ್ನು ಅಲ್ಲೇ ಬಿಟ್ಟರೆ ಮರ ಅದರ ಮೇಲೆ ತೊಗಟೆ ಮುಚ್ಚಿಕೊಂಡು ಬೆಳೆಯುತ್ತಾ ಹೋಗುತ್ತದೆ.